ತಡೆಯಬಾರದ ವೇಗ, ತಡೆಯಬೇಕಾದ ವೇಗ: ದೂರದ ಸೈಕಲ್ ಸೇವಾಯಾತ್ರೆಗೆ ದೇಹದ ಸಿದ್ಧತೆ



ಕೆಲವು ವರ್ಷಗಳಿಂದ ನಮ್ಮ ಚಿಕಿತ್ಸಾಲಯಕ್ಕೆ ಹೊಸ ಬಗೆಯ ಪ್ರಶ್ನೆಯೊಂದು ಬರತೊಡಗಿದೆ. ವಿದೇಶದಲ್ಲಿ ಉದ್ಯೋಗದಲ್ಲಿರುವ ಮಕ್ಕಳು ರಜೆಗೆ ಊರಿಗೆ ಬಂದಾಗ ತಂದೆತಾಯಿಗಳು ಅವರನ್ನು ಕರೆತಂದು, "ಕಚೇರಿಯವರೆಲ್ಲ ಸೇರಿ ನೂರಾರು ಕಿಲೋಮೀಟರ್ ಸೈಕಲ್ ತುಳಿಯುತ್ತಾರಂತೆ, ಇವನೂ ಹೊರಟಿದ್ದಾನೆ, ಶಕ್ತಿಗೆ ಏನಾದರೂ ಕೊಡಿ" ಎಂದು ಕೇಳುತ್ತಾರೆ. ಹೀಗೆ ಕೇಳಿದವರಿಗೆ ಒಮ್ಮೆ ನಾವು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪನ್ನು ತಿದ್ದಿಕೊಂಡ ಬಗೆಯನ್ನು ತಿಳಿಸುವುದೇ ಈ ತಿಂಗಳ ಪಾಠ.

ಬ್ರಿಟನ್ನಿನಲ್ಲಿ ಇದೊಂದು ನೆಲೆಯೂರಿದ ರೂಢಿ. ಒಂದೇ ಕಚೇರಿಯ ಸಹೋದ್ಯೋಗಿಗಳು ತಂಡ ಕಟ್ಟಿಕೊಂಡು ಕಠಿಣವಾದ ಪ್ರಯಾಣವೊಂದನ್ನು ಕೈಗೊಳ್ಳುತ್ತಾರೆ. ಅದನ್ನು ಬಂಧುಮಿತ್ರರಿಗೆ ತಿಳಿಸಿ ದೇಣಿಗೆ ಬೇಡುತ್ತಾರೆ. ಕೂಡಿದ ಹಣವನ್ನು ರೋಗಿಗಳ, ಅನಾಥರ, ವೃದ್ಧರ ನೆರವಿಗೆ ನಿಂತ ಸೇವಾಸಂಸ್ಥೆಗೆ ಒಪ್ಪಿಸುತ್ತಾರೆ. ಜೋಳಿಗೆ ಹಿಡಿದು ಪ್ರಸಾದನಿಲಯ, ವಿದ್ಯಾಲಯಗಳನ್ನು ಕಟ್ಟಿದ ಮಠಗಳ ನಾಡಿನವರಾದ ನಮಗೆ ಇದು ಅಪರಿಚಿತ ಭಾವವೇನಲ್ಲ. ತನಗಾಗಿ ಅಲ್ಲದೆ ಪರರಿಗಾಗಿ ಕೈಯೊಡ್ಡುವುದು ದಾಸೋಹದ ಒಂದು ಮುಖವೇ ಆಗಿದೆ. ಆದುದರಿಂದ ಮಕ್ಕಳನ್ನು ತಡೆಯಬೇಕಿಲ್ಲ, ಸಿದ್ಧಗೊಳಿಸಿ ಕಳುಹಿಸಬೇಕು.

ಇಂತಹ ಪ್ರಯಾಣಗಳಲ್ಲಿ ಬಹು ಪ್ರಸಿದ್ಧವಾದದ್ದು ಲಂಡನ್ನಿನಿಂದ ಪ್ಯಾರಿಸ್ಸಿಗೆ ಹೋಗುವ ದಾರಿ. ಇದಕ್ಕೆ ಹಲವು ಮಾರ್ಗಗಳಿವೆ. ಅವುಗಳಲ್ಲಿ 'ಅವೆನ್ಯೂ ವೆರ್ತ್' ಎಂಬುದು 2012ರಲ್ಲಿ, ಲಂಡನ್ ಒಲಿಂಪಿಕ್ಸ್ ನಡೆದ ವರ್ಷ, ಸೈಕಲ್ ಸವಾರರಿಗಾಗಿಯೇ ತೆರೆದ ಮಾರ್ಗ. ಥೇಮ್ಸ್ ನದಿಯ ದಡದ 'ಲಂಡನ್ ಐ' ಚಕ್ರದ ಬಳಿ ಆರಂಭವಾಗಿ, ದಕ್ಷಿಣ ಇಂಗ್ಲೆಂಡಿನ ಗುಡ್ಡಗಳನ್ನು ಏರಿಳಿದು ನ್ಯೂಹೇವನ್ ಬಂದರನ್ನು ಸೇರುತ್ತದೆ. ಅಲ್ಲಿಂದ ಹಡಗಿನಲ್ಲಿ ಸುಮಾರು 4 ಗಂಟೆ ಕಡಲು ದಾಟಿದರೆ ಫ್ರಾನ್ಸಿನ ಡಿಯೆಪ್ ಪಟ್ಟಣ. ಮುಂದೆ ರೈಲು ನಿಂತುಹೋದ ಹಳೆಯ ಹಳಿಯ ಜಾಡಿನಲ್ಲಿ, ಬಳಿಕ ಹಳ್ಳಿಗಳ ನಡುವೆ ಸಾಗಿ ಪ್ಯಾರಿಸ್ಸಿನ ನೋತ್ರ್ ದಾಮ್ ದೇವಾಲಯದ ಎದುರು ಮುಗಿಯುತ್ತದೆ. ಒಟ್ಟು ದೂರ ಸುಮಾರು 400 ಕಿಲೋಮೀಟರ್. 5 ದಿನಗಳಲ್ಲಿ ಮುಗಿಸುವುದಾದರೆ ದಿನಕ್ಕೆ 80 ಕಿಲೋಮೀಟರ್. ಗಂಟೆಗೆ 16 ಕಿಲೋಮೀಟರಿನಂತೆ ದಿನಕ್ಕೆ 5 ಗಂಟೆ ಆಸನದ ಮೇಲೆ ಕುಳಿತು ತುಳಿಯಬೇಕು. ಒಂದು ದಿನ ಇದು ಕಷ್ಟವಲ್ಲ. ಮರುದಿನ ಎದ್ದು ಮತ್ತೆ ಅಷ್ಟೇ ತುಳಿಯುವುದು, ಅದರ ಮರುದಿನವೂ ತುಳಿಯುವುದು ಕಷ್ಟ.

ನಮ್ಮಿಂದಾದ ತಪ್ಪು

ಮಠದ ಭಕ್ತರೊಬ್ಬರ ಮಗ ಲಂಡನ್ನಿನ ಕಚೇರಿಯೊಂದರಲ್ಲಿ ಉದ್ಯೋಗಿ. ಆಗ 38ರ ವಯಸ್ಸು. ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ನೆರವಾಗುವ ಸಂಸ್ಥೆಯೊಂದಕ್ಕಾಗಿ ಎಂಟು ಮಂದಿ ಸಹೋದ್ಯೋಗಿಗಳೊಡನೆ ಈ ದಾರಿಯಲ್ಲಿ ಹೊರಡುವವನಿದ್ದ. ಹೊರಡಲು ಐದು ವಾರ ಉಳಿದಿರುವಾಗ ಊರಿಗೆ ಬಂದು ನಮ್ಮನ್ನು ಕಂಡ. ನಾಡಿ ನೋಡಿದೆವು, ರಕ್ತದೊತ್ತಡ ನೋಡಿದೆವು, ಸರಿಯಾಗಿಯೇ ಇದ್ದವು. ಅಶ್ವಗಂಧ ಲೇಹ್ಯ ಬರೆದುಕೊಟ್ಟು, ಒಳ್ಳೆಯ ಕಾರ್ಯ, ಹೋಗಿ ಬಾ ಎಂದು ಹರಸಿ ಕಳುಹಿಸಿದೆವು. ಈವರೆಗೆ ಒಂದೇ ದಿನದಲ್ಲಿ ಅತಿ ಹೆಚ್ಚೆಂದರೆ ಎಷ್ಟು ದೂರ ತುಳಿದಿದ್ದೀಯೆ ಎಂಬ ಒಂದು ಪ್ರಶ್ನೆಯನ್ನು ಕೇಳಲಿಲ್ಲ. ಕೇಳಿದ್ದರೆ 15 ಕಿಲೋಮೀಟರ್ ಎಂಬ ಉತ್ತರ ಬರುತ್ತಿತ್ತು.

ಮೊದಲ ಎರಡು ದಿನ ಗುಡ್ಡದ ದಾರಿಯಲ್ಲಿ ಆತ ತಂಡದ ಮುಂದಿನವರ ಸಮಕ್ಕೆ ತುಳಿದ. ನೀರು ಕುಡಿದರೆ ಮೂತ್ರಕ್ಕೆ ನಿಲ್ಲಬೇಕಾಗುತ್ತದೆ, ನಿಂತರೆ ಎಲ್ಲರಿಗೂ ತಡವಾಗುತ್ತದೆ ಎಂದು ನೀರನ್ನೇ ಕಡಿಮೆ ಮಾಡಿದ. ತೊಡೆಯ ನೋವಿಗೆ ನೋವುನಿವಾರಕ ಮಾತ್ರೆ ನುಂಗಿದ. ಹಡಗಿನಲ್ಲಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಫ್ರಾನ್ಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಂತಿಯಾಯಿತು. ಮೂತ್ರ ಕಾಫಿ ಕಷಾಯದಂತೆ ಕಂದು ಬಣ್ಣಕ್ಕೆ ತಿರುಗಿತ್ತು. ಯಾರಿಗೂ ಹೇಳದೆ ಇನ್ನೂ 30 ಕಿಲೋಮೀಟರ್ ತುಳಿದ. ಸಂಜೆ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು ನಿಂತವನನ್ನು ಸಹೋದ್ಯೋಗಿಯೊಬ್ಬರು ಕಂಡು ಆಸ್ಪತ್ರೆಗೆ ಸೇರಿಸಿದರು.

ಅಭ್ಯಾಸವಿಲ್ಲದ ಸ್ನಾಯುಗಳು ಮಿತಿಮೀರಿ ದುಡಿದಾಗ ಅವುಗಳ ತಂತುಗಳು ಒಡೆದು, ಒಳಗಿನ ಸಾರ ರಕ್ತಕ್ಕೆ ಸೇರುತ್ತದೆ. ಅದನ್ನು ಸೋಸುವ ಭಾರ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ದೇಹದಲ್ಲಿ ನೀರು ಕಡಿಮೆಯಿದ್ದು, ಮೇಲೆ ಕೆಲವು ಬಗೆಯ ನೋವುನಿವಾರಕ ಮಾತ್ರೆಗಳೂ ಸೇರಿದರೆ ಮೂತ್ರಪಿಂಡಗಳು ಕೆಲಸವನ್ನೇ ನಿಲ್ಲಿಸಬಹುದು. ಆತನ ವಿಷಯದಲ್ಲಿ ಸಕಾಲದ ಚಿಕಿತ್ಸೆಯಿಂದ ಅವು ಚೇತರಿಸಿಕೊಂಡವು. ಊರಿಗೆ ಬಂದಾಗ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆವು. ಆತನ ಉತ್ತರ ಇದು: "ನೂರು ಜನರ ಹತ್ತಿರ ಹಣ ಕೇಳಿದ್ದೆ. ನಡುವೆ ನಿಲ್ಲಿಸಿದರೆ ಅವರಿಗೆ ಮೋಸ ಮಾಡಿದಂತೆ ಎನಿಸಿತು."

ಒಂದೇ ಅಧ್ಯಾಯದ ಎರಡು ಮಾತು

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವನ್ನು ವಿದ್ಯಾರ್ಥಿದೆಸೆಯಲ್ಲಿ ನಾವು ಕಂಠಪಾಠ ಮಾಡಿದ್ದೆವು. ಈ ಘಟನೆಯ ನಂತರ ಮತ್ತೆ ತೆರೆದು ಓದಿದೆವು. ಆಯುರ್ವೇದದಲ್ಲಿ 'ವೇಗ' ಎಂದರೆ ದೇಹ ತಾನಾಗಿಯೇ ಎಬ್ಬಿಸುವ ಒತ್ತಡ, ಪ್ರವೃತ್ತಿ. ತಡೆಯಬಾರದ ವೇಗಗಳು 13 ಎಂದು ಆ ಅಧ್ಯಾಯ ಎಣಿಸುತ್ತದೆ. ಮಲ, ಮೂತ್ರ, ವಾಂತಿಗಳ ಜೊತೆಗೆ ಹಸಿವು, ನೀರಡಿಕೆ, ನಿದ್ರೆ ಹಾಗೂ ಶ್ರಮದಿಂದ ಬರುವ ಏದುಸಿರು ಕೂಡ ಆ ಪಟ್ಟಿಯಲ್ಲಿವೆ. ಅದೇ ಅಧ್ಯಾಯ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಅವು ಮನಸ್ಸಿನವು: ಲೋಭ, ಭಯ, ಕ್ರೋಧ, ಅಭಿಮಾನ, ಈರ್ಷ್ಯೆ, ಶಕ್ತಿ ಮೀರಿದ ಸಾಹಸ ಮುಂತಾದವು.

ಆ ಯುವಕ ಮಾಡಿದ್ದು ಇದರ ತಲೆಕೆಳಗು. ನೀರಡಿಕೆ, ಮೂತ್ರ, ನಿದ್ರೆ, ಏದುಸಿರು ಇವೆಲ್ಲವನ್ನೂ ತಡೆದ. ಹಿಂದೆ ಬೀಳಬಾರದೆಂಬ ಅಭಿಮಾನವನ್ನೂ ಜನ ಏನೆಂದಾರೆಂಬ ಭಯವನ್ನೂ ತಡೆಯದೆ ಬಿಟ್ಟ. ನಾವಾದರೋ ಮನಸ್ಸಿನ ಆ ವೇಗಗಳನ್ನು ಕಾಣದೆ ಲೇಹ್ಯದ ಡಬ್ಬಿ ಕೊಟ್ಟೆವು. ಯಾವ ರಸಾಯನವೂ ಅಭ್ಯಾಸದ ಸ್ಥಾನವನ್ನು ತುಂಬಲಾರದು. ದೂರದ ಯಾತ್ರೆಯ ಸಿದ್ಧತೆಯೆಂದರೆ ಈ ಎರಡು ಬಗೆಯ ವೇಗಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸ. ಉಳಿದ ಸೂಚನೆಗಳೆಲ್ಲ ಅದರ ವಿವರಗಳು.

ಮೊದಲು ಪರೀಕ್ಷೆ

ಹೆಸರು ನೋಂದಾಯಿಸುವ ಮೊದಲೇ ವೈದ್ಯರನ್ನು ಕಾಣಬೇಕು. 40 ವರ್ಷ ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯಿರುವವರು, ಧೂಮಪಾನಿಗಳು, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದ್ರೋಗ ಬಂದ ಇತಿಹಾಸವಿರುವವರು ಹೃದ್ರೋಗ ತಜ್ಞರ ಸಲಹೆ ಪಡೆಯಬೇಕು. ಇಲ್ಲಿ ನಾಡಿಪರೀಕ್ಷೆಯೊಂದೇ ಸಾಲದು ಎಂಬುದನ್ನು ಆಯುರ್ವೇದ ವೈದ್ಯರಾಗಿಯೇ ಹೇಳುತ್ತಿದ್ದೇವೆ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ದೀರ್ಘ ಶ್ರಮದ ದಿನ ಮಾತ್ರವಲ್ಲ, ಆ ರಾತ್ರಿಯೂ ಸಕ್ಕರೆ ತೀರ ಕೆಳಗಿಳಿಯುವ ಅಪಾಯವುಂಟು. ಪ್ರಮಾಣವನ್ನು ತಾವಾಗಿ ಬದಲಿಸದೆ ತಜ್ಞರನ್ನು ಕೇಳಬೇಕು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಕೆಲವರ ಸ್ನಾಯುಗಳಿಗೆ ತೊಂದರೆ ಕೊಡುತ್ತವೆ. ಅವನ್ನು ಸೇವಿಸುವವರು ಆ ವಿಷಯವನ್ನು ಮುಚ್ಚಿಡಬಾರದು. ಜ್ವರವಿರುವಾಗ ಅಭ್ಯಾಸ ಸಲ್ಲದು. ಜ್ವರ ಬಿಟ್ಟ ಮೇಲೂ ಮೈ ಹಗುರಾಗಿ ಹಸಿವು ಮರಳುವವರೆಗೆ ಕಾಯಬೇಕು.

ಕಾಲುಪಾಲಿನ ಕ್ರಮ

ಹಳೆಯ ಅಭ್ಯಾಸವನ್ನು ಬಿಡುವುದಾಗಲಿ ಹೊಸದನ್ನು ಹಿಡಿಯುವುದಾಗಲಿ ಒಮ್ಮೆಲೇ ಆಗಬಾರದು, ಕಾಲು ಕಾಲು ಭಾಗವಾಗಿ, ನಡುವೆ ದಿನಗಳ ಅಂತರವಿಟ್ಟು ಆಗಬೇಕು ಎಂಬುದು ಅದೇ 7ನೆಯ ಅಧ್ಯಾಯದ ಇನ್ನೊಂದು ಉಪದೇಶ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವ ನಮ್ಮ ಹಿರಿಯರನ್ನು ನೋಡಿರಿ. ಹೊಲಮನೆಯ ನಡಿಗೆಯಲ್ಲಿ ಪಳಗಿದ ಕಾಲುಗಳು ಅವರವು. ಪಟ್ಟಣದಲ್ಲಿ ಕುರ್ಚಿಯ ಮೇಲೆ ವರ್ಷಗಟ್ಟಲೆ ಕುಳಿತ ಕಾಲುಗಳು ಅದೇ ದೂರವನ್ನು ಅದೇ ದಿನಗಳಲ್ಲಿ ಕ್ರಮಿಸಬಯಸಿದರೆ ಅಂಗಾಲು ಬೊಕ್ಕೆಯೇಳುತ್ತದೆ.

ಕಚೇರಿಯ ಉದ್ಯೋಗಿಗೆ ಕನಿಷ್ಠ 16 ವಾರಗಳ ಸಿದ್ಧತೆ ಬೇಕೆಂಬುದು ನಮ್ಮ ಅಭಿಪ್ರಾಯ. ವಾರಕ್ಕೆ ಮೂರು ದಿನ ಸೈಕಲ್ ಸಾಕು: ಎರಡು ದಿನ ಮುಕ್ಕಾಲು ಗಂಟೆಯಂತೆ, ರಜೆಯ ದಿನ ಸ್ವಲ್ಪ ದೂರ. ಮೊದಲ ಭಾನುವಾರ 20 ಕಿಲೋಮೀಟರ್. ಪ್ರತಿ ವಾರ ಹಿಂದಿನದಕ್ಕಿಂತ ಅಲ್ಪವೇ ಹೆಚ್ಚಿಸಬೇಕು. ಮೂರು ವಾರ ಏರಿಸಿದ ಮೇಲೆ ನಾಲ್ಕನೆಯ ವಾರ ಇಳಿಸಬೇಕು. ಆ ವಿಶ್ರಾಂತಿಯಲ್ಲೇ ಬಲ ಕೂಡುತ್ತದೆ. 8ನೆಯ ವಾರದ ಹೊತ್ತಿಗೆ ಭಾನುವಾರದ ದೂರ 50 ಕಿಲೋಮೀಟರಿನ ಆಸುಪಾಸು, 12ನೆಯ ವಾರಕ್ಕೆ 70 ಅಥವಾ 80 ಆದರೆ ಉತ್ತಮ. 13 ಮತ್ತು 14ನೆಯ ವಾರಗಳಲ್ಲಿ ಶನಿವಾರ, ಭಾನುವಾರ ಎರಡೂ ದಿನ ಬಿಡದೆ 60ರಿಂದ 70 ಕಿಲೋಮೀಟರ್ ತುಳಿಯಬೇಕು. ಎರಡನೆಯ ಬೆಳಿಗ್ಗೆ ಬಿಗಿದ ಕಾಲುಗಳೊಡನೆ ಆಸನವೇರುವ ಅನುಭವವನ್ನು ಮನೆಯ ಹತ್ತಿರದಲ್ಲೇ ಪಡೆಯುವುದು ಇದರ ಉದ್ದೇಶ. ಕೊನೆಯ ಹತ್ತು ದಿನ ದೂರವನ್ನು ಅರ್ಧಕ್ಕಿಂತ ಕೆಳಗಿಳಿಸಬೇಕು. ಆಗ ಹೆದರಿಕೆಯಿಂದ ಇನ್ನಷ್ಟು ತುಳಿಯುವವರು ದಣಿದ ದೇಹದೊಡನೆ ಹೊರಡುತ್ತಾರೆ.

ಅರ್ಧಶಕ್ತಿ

ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂಬುದು ಆಯುರ್ವೇದದ ಪ್ರಸಿದ್ಧ ನಿಯಮ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಮೂಗಿನ ಉಸಿರು ಬಾಯಿಗೆ ಬರತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಚಳಿಗಾಲ ಮತ್ತು ವಸಂತದಲ್ಲಿ ಅಷ್ಟು. ಬೇಸಿಗೆಯಲ್ಲಿ ಇನ್ನೂ ಕಡಿಮೆ. ಮಿತಿಮೀರಿದರೆ ನೀರಡಿಕೆ, ಕ್ಷಯ, ಉಬ್ಬಸ, ಜ್ವರ, ವಾಂತಿಗಳು ಬರುತ್ತವೆಂದು ವಾಗ್ಭಟಾಚಾರ್ಯರು ಎಚ್ಚರಿಸಿ, ಆನೆಯನ್ನೆಳೆಯಹೋಗಿ ಅಳಿಯುವ ಸಿಂಹದ ಉಪಮೆ ಕೊಟ್ಟಿದ್ದಾರೆ.

ದಿನಕ್ಕೆ 5 ಗಂಟೆ ತುಳಿಯುವವನಿಗೆ ಅರ್ಧಶಕ್ತಿ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ಅದಕ್ಕೆ ಉತ್ತರ ಅಭ್ಯಾಸವೇ. ನಾಲ್ಕು ತಿಂಗಳ ಹಿಂದೆ ಯಾವುದು ಪೂರ್ಣಶಕ್ತಿಯಾಗಿತ್ತೋ ಅದು ಇಂದು ಅರ್ಧಶಕ್ತಿಯಾಗಿರಬೇಕು. ದಾರಿಯಲ್ಲಿ ಅಳತೆಗೆ ಸುಲಭ ಉಪಾಯವಿದೆ. ತುಳಿಯುತ್ತಲೇ ಪಕ್ಕದವರೊಡನೆ ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾದರೆ ಮಿತಿಯೊಳಗಿದ್ದೀರಿ. ಎರಡು ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲಬೇಕಾದರೆ ನಿಧಾನಿಸಬೇಕು. ಏರಿನಲ್ಲಿ ಭಾರದ ಗೇರಿನಲ್ಲಿ ಒತ್ತಿ ತುಳಿಯದೆ ಹಗುರ ಗೇರಿಗೆ ಬದಲಿಸಿ ಕಾಲನ್ನು ಬೇಗಬೇಗ ತಿರುಗಿಸಿದರೆ ಮೊಣಕಾಲು ಉಳಿಯುತ್ತದೆ. ತೀರ ಕಡಿದಾದ ಏರಿನಲ್ಲಿ ಇಳಿದು ನಡೆಯುವುದು ಅವಮಾನವಲ್ಲ.

ನೀರು, ಅನ್ನ

ನೀರಡಿಕೆ ತಡೆಯಬಾರದ ವೇಗ. ಸಾಮಾನ್ಯ ಹವೆಯಲ್ಲಿ ಗಂಟೆಗೆ ಅರ್ಧ ಲೀಟರಿನಷ್ಟು ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು, ಸೆಕೆಯಲ್ಲಿ ಇನ್ನಷ್ಟು. ಆದರೆ ಬೇಡದಿದ್ದರೂ ಬಲವಂತದಿಂದ ಲೀಟರುಗಟ್ಟಲೆ ಬರಿಯ ನೀರು ಕುಡಿದರೆ ರಕ್ತದ ಲವಣಾಂಶ ಕುಸಿದು ಅಪಾಯವಾಗುತ್ತದೆ. ಬೆವರು ಹೆಚ್ಚಾದ ದಿನ ಮನೆಮದ್ದಿನ ಪಾನಕವೂ ಆದೀತು: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗುತ್ತಿದೆ, ಗಾಢವಾದರೆ ಸಾಲದು, ಕಂದಾದರೆ ಆ ಕ್ಷಣವೇ ಸೈಕಲ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ದೇಹದಲ್ಲಿ ಸಂಗ್ರಹವಾದ ಸಕ್ಕರೆಯ ಅಂಶ ಕಠಿಣ ಶ್ರಮದಲ್ಲಿ ಒಂದೂವರೆ, ಎರಡು ಗಂಟೆಗಳಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಹಸಿವಾಗುವವರೆಗೆ ಕಾಯದೆ ಮೊದಲ ಗಂಟೆಯ ನಂತರ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸಿಗುವಂತೆ ತಿನ್ನಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಖರ್ಜೂರ, ಒಣದ್ರಾಕ್ಷಿ, ಬೆಲ್ಲದ ಶೇಂಗಾ ಉಂಡೆ ಜೇಬಿನಲ್ಲಿ ಕೆಡದೆ ಉಳಿಯುತ್ತವೆ. ರಾತ್ರಿ ಅನ್ನ ಅಥವಾ ರೊಟ್ಟಿಯೊಡನೆ ಬೇಳೆಕಾಳುಗಳಿರಲಿ. ದಣಿದ ಸ್ನಾಯುಗಳ ದುರಸ್ತಿಗೆ ಅವು ಬೇಕು.

ತಾಯಂದಿರಿಗೆ ಒಂದು ಮಾತು. ಪೇಡಾ, ಕುಂದಾ, ತುಪ್ಪ ಕಟ್ಟಿಕೊಡಬೇಡಿರಿ. ಭಾರತದಿಂದ ಬ್ರಿಟನ್ನಿಗೂ, ಬ್ರಿಟನ್ನಿನಿಂದ ಫ್ರಾನ್ಸಿಗೂ ಪ್ರಯಾಣಿಕರು ಹಾಲಿನ ಪದಾರ್ಥ ಒಯ್ಯುವುದಕ್ಕೆ ನಿರ್ಬಂಧವಿದೆ. ತುಪ್ಪವಿಲ್ಲದ ಶೇಂಗಾ ಉಂಡೆ, ಹುರಿಗಡಲೆ, ಅವಲಕ್ಕಿ ಒಳ್ಳೆಯದು. ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತಿನಲ್ಲಿ ಮತ್ತು ಭಾನುವಾರಗಳಲ್ಲಿ ಅಂಗಡಿಗಳು ಮುಚ್ಚಿರುವುದುಂಟು. ತರಕಾರಿ ಸೂಪು ಎಂದರೂ ಮಾಂಸದ ರಸ ಸೇರಿರಬಹುದು. ಸಸ್ಯಾಹಾರಿಗಳು ಒಂದು ದಿನದ ಬುತ್ತಿ ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು. ಹೊಸ ಆಹಾರ, ಹೊಸ ಔಷಧ, ಹೊಸ ಪಾದರಕ್ಷೆ ಯಾವುದನ್ನೂ ಯಾತ್ರೆಯ ದಿನ ಮೊದಲ ಬಾರಿಗೆ ಪ್ರಯೋಗಿಸಬಾರದು.

ಆಸನ, ಅಭ್ಯಂಗ, ಔಷಧ

ಸೈಕಲ್ಲಿನ ಅಳತೆ ತಪ್ಪಿದರೆ ದೇಹ ದಂಡ ತೆರುತ್ತದೆ. ಆಸನದ ಮೇಲೆ ಕುಳಿತು, ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ಸರಿಯಾಗಿ ನೇರವಾಗಬೇಕು. ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ಅಲ್ಪ ಬಾಗಿರುತ್ತದೆ. ಆಸನ ತೀರ ತಗ್ಗಿದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತಿದೆಯೆಂದು ತಿಳಿದು ಹಿಡಿತ ಬದಲಿಸುತ್ತಿರಬೇಕು. ಮೆತ್ತೆಯಿರುವ ಸವಾರಿ ಚಡ್ಡಿಯ ಒಳಗೆ ಬೇರೆ ಒಳಉಡುಪು ಧರಿಸಬಾರದು. ಅದರ ಹೊಲಿಗೆಯೇ ಉಜ್ಜಿ ಹುಣ್ಣಾಗಿಸುತ್ತದೆ. ಸಂಜೆ ತಲುಪಿದೊಡನೆ ಆ ಭಾಗವನ್ನು ತೊಳೆದು ಒರೆಸಿ ಒಣಗಿಸಬೇಕು. ಇಷ್ಟಲಿಂಗ ಧರಿಸುವವರು ಮುಂದಕ್ಕೆ ಬಾಗಿದಾಗ ತೂಗಾಡದಂತೆ ಶಿವದಾರವನ್ನು ಹತ್ತಿರಕ್ಕೆ ಕಟ್ಟಿಕೊಳ್ಳಲಿ. ಪೂಜೆಗಾಗಿ ಅರ್ಧ ಗಂಟೆ ಮೊದಲೇ ಎದ್ದರೆ ಆತುರವಿರುವುದಿಲ್ಲ.

ದಿನವಿಡೀ ಮುಂದಕ್ಕೆ ಬಾಗುವ ಬೆನ್ನಿಗೆ ಹಿಂದಕ್ಕೆ ಬಾಗುವ ಆಸನಗಳು ಹಿತ. ಭುಜಂಗಾಸನ, ಸೇತುಬಂಧಾಸನಗಳನ್ನು ಸಿದ್ಧತೆಯ ದಿನಗಳಿಂದಲೇ ರೂಢಿಸಿಕೊಳ್ಳಬೇಕು. ವಾರದಲ್ಲಿ ಒಂದು ವಿಶ್ರಾಂತಿಯ ದಿನ ಬೆಚ್ಚಗಿನ ಎಳ್ಳೆಣ್ಣೆಯಿಂದ ಅಭ್ಯಂಗ ಮಾಡಿ ಬಿಸಿನೀರಿನ ಸ್ನಾನ ಮಾಡಿದರೆ ದಣಿವು ಆರುತ್ತದೆ. ಜ್ವರ, ಅಜೀರ್ಣವಿರುವಾಗ ಅಭ್ಯಂಗ ವರ್ಜ್ಯ. ಸವಾರಿಯ ಮುನ್ನ ಕೈಗೆ ಎಣ್ಣೆ ಹಚ್ಚಿದರೆ ಬ್ರೇಕಿನ ಹಿಡಿತ ಜಾರುತ್ತದೆಂಬುದನ್ನು ಮರೆಯಬಾರದು. ನೋವು ಕಾಣದಿರಲೆಂದು ಮುಂಚಿತವಾಗಿ ನೋವುನಿವಾರಕ ಮಾತ್ರೆ ನುಂಗುವುದು ಎಚ್ಚರಿಕೆಯ ಗಂಟೆಯನ್ನು ಕಟ್ಟಿಹಾಕಿದಂತೆ. ಭಸ್ಮ, ರಸೌಷಧಿಗಳನ್ನು ಇಂತಹ ಪ್ರಯಾಣಕ್ಕೆ ಒಯ್ಯಬೇಡಿರಿ. ನಿತ್ಯದ ಔಷಧಗಳನ್ನು ಮೂಲ ಪೊಟ್ಟಣದಲ್ಲೇ, ವೈದ್ಯರ ಪತ್ರದೊಡನೆ ಇಟ್ಟುಕೊಳ್ಳಬೇಕು.

ಭಾರತದಿಂದಲೇ ಹೋಗಿ ತಂಡ ಸೇರುವವರು ಮೂರು ದಿನ ಮೊದಲು ತಲುಪುವುದು ಒಳಿತು. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ; ನಿದ್ರೆ ಹೊಂದಿಕೊಳ್ಳಲು ಸಮಯ ಬೇಕು. ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ ಬ್ರಿಟನ್ನಿನ ವೀಸಾ ಇದ್ದರೂ ಫ್ರಾನ್ಸಿಗೆ ಷೆಂಗೆನ್ ವೀಸಾ ಬೇರೆಯೇ ಬೇಕು. ಪ್ರಯಾಣವಿಮೆ ದೂರದ ಸೈಕಲ್ ಸವಾರಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಬೇಕು. ಬ್ರಿಟನ್ನಿನಲ್ಲಿ ನಮ್ಮಂತೆಯೇ ಎಡಬದಿಯ ಸಂಚಾರ, ಫ್ರಾನ್ಸಿನಲ್ಲಿ ಬಲಬದಿ. ಹಡಗಿನಿಂದ ಇಳಿದ ಮೊದಲ ಬೆಳಿಗ್ಗೆ, ನಿದ್ರೆಗೆಟ್ಟ ಕಣ್ಣುಗಳಲ್ಲಿ, ತಿರುವುಗಳ ಬಳಿ ತಪ್ಪು ನಡೆಯುವ ಸಂಭವ ಹೆಚ್ಚು. ತುರ್ತು ನೆರವಿಗೆ 112 ಎಂಬ ಸಂಖ್ಯೆ ಎರಡೂ ದೇಶಗಳಲ್ಲಿ ನಡೆಯುತ್ತದೆ.

ತಂಡದ ಧರ್ಮ, ದೇಣಿಗೆಯ ಮಾತು

ಕಚೇರಿಯ ತಂಡದಲ್ಲಿ ಒಂದು ಸೂಕ್ಷ್ಮವಿದೆ. ಜೊತೆಗೆ ತುಳಿಯುವವರು ನಾಳೆ ಅದೇ ಮೇಜಿನ ಸುತ್ತ ಕೂರುವವರು. ಅವರಲ್ಲಿ ಮೇಲಧಿಕಾರಿಯೂ ಇರಬಹುದು, ಕೈಕೆಳಗಿನವರೂ ಇರಬಹುದು. ಅವರೆದುರು ಬಳಲಿದೆನೆಂದು ಹೇಳಲು ನಾಲಗೆ ಹಿಂಜರಿಯುತ್ತದೆ. ಆದ್ದರಿಂದ ಹೊರಡುವ ಮೊದಲೇ ಕೆಲವು ಕಟ್ಟಳೆಗಳನ್ನು ಎಲ್ಲರೂ ಒಪ್ಪಿಕೊಳ್ಳಬೇಕು. ತಂಡದ ವೇಗ ಅತ್ಯಂತ ನಿಧಾನದ ಸವಾರನ ವೇಗ. ಅನುಭವಿಯೊಬ್ಬರು ಸದಾ ಕೊನೆಯಲ್ಲಿರಬೇಕು; ಯಾರನ್ನೂ ಒಂಟಿಯಾಗಿ ಹಿಂದೆ ಬಿಡಬಾರದು. ಗಂಟೆಗೊಮ್ಮೆ ಎಲ್ಲರೂ ನಿಲ್ಲಬೇಕು. ಆಗ ಮೂತ್ರಕ್ಕೆ ಹೋಗುವವನು ತನಗಾಗಿ ತಡವಾಯಿತೆಂದು ನಾಚಬೇಕಿಲ್ಲ. ಪ್ರತಿ ಸಂಜೆ ಇಬ್ಬಿಬ್ಬರು ಜೊತೆಯಾಗಿ ಪರಸ್ಪರ ಮೂರು ಪ್ರಶ್ನೆ ಕೇಳಬೇಕು: ನೀರು ಎಷ್ಟು ಕುಡಿದೆ, ಮೂತ್ರದ ಬಣ್ಣವೇನು, ಎಲ್ಲಿ ನೋವು? ಎದೆಯ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಲೆಸುತ್ತು, ಮಾತಿನ ತೊದಲು ಕಂಡರೆ ಚರ್ಚೆಯಿಲ್ಲ. ಸೈಕಲ್ ಬಿಟ್ಟು ವೈದ್ಯರು.

ಇನ್ನು ದೇಣಿಗೆ. ಇಂತಹ ಯಾತ್ರೆಗಳಲ್ಲಿ ಎರಡು ಪದ್ಧತಿಗಳುಂಟು. ಒಂದರಲ್ಲಿ ಸವಾರನು ತನ್ನ ಪ್ರಯಾಣದ ಖರ್ಚನ್ನು ತಾನೇ ಭರಿಸಿ ಬಂದ ದೇಣಿಗೆಯನ್ನೆಲ್ಲ ಸಂಸ್ಥೆಗೆ ಒಪ್ಪಿಸುತ್ತಾನೆ. ಇನ್ನೊಂದರಲ್ಲಿ ನಿಗದಿತ ಮೊತ್ತ ಕೂಡಿಸಿದರೆ ಅದರಲ್ಲೇ ಒಂದು ಭಾಗ ಪ್ರಯಾಣದ ವೆಚ್ಚಕ್ಕೆ ಹೋಗುತ್ತದೆ. ಯಾವುದೆಂಬುದನ್ನು ಕೊಡುವವರಿಗೆ ಮೊದಲೇ ತಿಳಿಸಬೇಕು. ಸಾಧ್ಯವಿದ್ದವರು ಮೊದಲನೆಯದನ್ನೇ ಆರಿಸಿಕೊಳ್ಳಲಿ. ಆಗ ಕೊಟ್ಟವರ ಹಣ ಪೂರ್ತಿಯಾಗಿ ರೋಗಿಯನ್ನು ತಲುಪುತ್ತದೆ. ಕೋರಿಕೆಯ ಪತ್ರದಲ್ಲಿ ಇನ್ನೊಂದು ವಾಕ್ಯ ಸೇರಿಸಬೇಕೆಂದು ನಾವು ಈಗ ಎಲ್ಲರಿಗೂ ಹೇಳುತ್ತೇವೆ: "ನಾನು ಶಕ್ತಿಯಿದ್ದಷ್ಟು ತುಳಿಯುತ್ತೇನೆ, ಅನಾರೋಗ್ಯದಿಂದ ನಡುವೆ ನಿಲ್ಲಿಸಬೇಕಾಗಿ ಬಂದರೂ ನಿಮ್ಮ ದೇಣಿಗೆ ಸೇರಬೇಕಾದವರನ್ನು ಸೇರುತ್ತದೆ." ಈ ಒಂದು ವಾಕ್ಯ ಬರೆದವನ ಎದೆಯಿಂದ ದೊಡ್ಡ ಭಾರ ಇಳಿಯುತ್ತದೆ. ದಾನಿ ಹಣ ಕೊಟ್ಟದ್ದು ಕಾಯಿಲೆಯ ಮಗುವಿಗೆ. ಸವಾರನ ಮೂತ್ರಪಿಂಡವನ್ನು ಬೆಲೆಯಾಗಿ ಕೇಳಿ ಅಲ್ಲ.

ಮರುಯಾತ್ರೆ

ಆ ಯುವಕ ಮರುವರ್ಷ ಸಂಕ್ರಾಂತಿಗೆ ಬಂದು, ಮತ್ತೆ ಹೋಗಬೇಕೆಂದಿದ್ದೇನೆ ಎಂದ. ತಾಯಿ ಬೇಡವೆಂದರು. ನಾವು ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮೂತ್ರಪಿಂಡದ ತಜ್ಞರ ಬಳಿಗೆ ಕಳುಹಿಸಿದೆವು. ಪರೀಕ್ಷೆಗಳೆಲ್ಲ ಸರಿಯಿದ್ದು ಅವರು ಒಪ್ಪಿದ ಮೇಲೆ ಕ್ರಮವನ್ನು ಬರೆದುಕೊಟ್ಟೆವು. ಐದು ತಿಂಗಳ ಕಾಲ ಪ್ರತಿ ಭಾನುವಾರ ರಾತ್ರಿ ಆತನಿಂದ ಎರಡು ಸಾಲಿನ ಸಂದೇಶ ಬರುತ್ತಿತ್ತು: ಎಷ್ಟು ದೂರ, ಮರುದಿನ ಮೈ ಹೇಗಿತ್ತು.

ಹೊರಡುವ ದಿನ ನಸುಕಿನಲ್ಲಿ ತಂಡದವರನ್ನು ಆತ ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿರುವ ಬಸವೇಶ್ವರರ ಪ್ರತಿಮೆಯ ಬಳಿಗೆ ಕರೆದೊಯ್ದ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಆ ಪ್ರತಿಮೆ ಯಾತ್ರೆಯ ಆರಂಭಸ್ಥಳಕ್ಕೆ ಅನತಿದೂರದಲ್ಲಿದೆ. ಇವರು ಯಾರೆಂದು ಸಹೋದ್ಯೋಗಿಗಳು ಕೇಳಿದಾಗ, ದುಡಿದು ಹಂಚಿಕೊಳ್ಳಿರೆಂದು ಕಲಿಸಿದವರು ಎಂದಷ್ಟೇ ಹೇಳಿದೆನೆಂದು ನಮಗೆ ಬರೆದಿದ್ದ.

ನಾಲ್ಕನೆಯ ದಿನ 54 ವರ್ಷದ ಸಹೋದ್ಯೋಗಿಯೊಬ್ಬರಿಗೆ ಮೊಣಕಾಲು ಊದಿತು. ಅವರೂ ಮೊದಲು ಮುಚ್ಚಿಟ್ಟರಂತೆ. ಸಂಜೆಯ ಮೂರು ಪ್ರಶ್ನೆ ಕೇಳುವ ಸರದಿ ನಮ್ಮ ಯುವಕನದಾಗಿತ್ತು. ನೋವಿನ ಪ್ರಶ್ನೆಗೆ ಬಂದ ಉತ್ತರವನ್ನು ಆತ ನಂಬಲಿಲ್ಲ. ಮುಚ್ಚಿಡುವವನ ಮುಖ ಹೇಗಿರುತ್ತದೆಂಬುದು ಆತನಿಗೆ ಗೊತ್ತಿತ್ತು. ಐದನೆಯ ದಿನ ಅವರು ಸಾಮಾನಿನ ವಾಹನದಲ್ಲಿ ಕುಳಿತು ಪ್ಯಾರಿಸ್ ತಲುಪಿದರು. ಸಂಸ್ಥೆಗೆ ಸೇರಬೇಕಾದ ಹಣದಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಯಾತ್ರೆ ಮುಗಿದ ಮೇಲೆ ತೆಗೆದ ಚಿತ್ರ ನಮ್ಮ ಬಳಿ ಇದೆ. ಅದರಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿದ ಆ ಹಿರಿಯರನ್ನು ನಡುವೆ ನಿಲ್ಲಿಸಿಕೊಂಡು ಎಲ್ಲರೂ ನಗುತ್ತಿದ್ದಾರೆ.

ನಮ್ಮ ಚಿಕಿತ್ಸಾಲಯದಲ್ಲಿ ಈಗ ಶಕ್ತಿಯ ಔಷಧ ಕೇಳಿ ಬಂದವರಿಗೆ ಮೊದಲು ನಾಡಿ ಹಿಡಿಯುವುದಿಲ್ಲ. ಎಷ್ಟು ದೂರದ ಅಭ್ಯಾಸವಿದೆ, ಎಷ್ಟು ವಾರ ಉಳಿದಿವೆ, ನಡುವೆ ನಿಲ್ಲಿಸಬೇಕಾದರೆ ಯಾರಿಗೆ ಹೇಳಲು ಸಂಕೋಚ ಎಂದು ಕೇಳುತ್ತೇವೆ. ನಿಮ್ಮ ಮಕ್ಕಳು ಇಂತಹ ಸತ್ಕಾರ್ಯಕ್ಕೆ ಹೊರಟಾಗ ನೀವೂ ಈ ಮೂರನ್ನು ಕೇಳಿರಿ. ಪಾದಯಾತ್ರೆಗೆ ಹೊರಡುವ ಮನೆಯ ಹಿರಿಯರನ್ನೂ ಕೇಳಿರಿ. ಉತ್ತರ ತಡವಾದರೆ ಅವಸರಪಡದೆ ಕಾಯಿರಿ.